ಎಂಟು ಚೀಲ ಅಕ್ಕಿ ಮತ್ತು ಭಾವನವರ ಟ್ರಕ್ಕು

ಡೆಟ್ರಾಯಿಟ್ ಸುತ್ತಮುತ್ತ ಪಿಕಪ್ ಟ್ರಕ್ ಮಾರುವವರು ನಮ್ಮ ಭಾವನವರು ಬಾಗಿಲು ತಳ್ಳಿಕೊಂಡು ಒಳಗೆ ಬರುವುದನ್ನು ಕಂಡರೆ ತಕ್ಷಣ ಊಟಕ್ಕೆ ಎದ್ದುಬಿಡುತ್ತಾರೆ. ಬೆಳಗ್ಗೆ ಒಂಬತ್ತು ಗಂಟೆಯಾಗಿದ್ದರೂ ಸರಿಯೇ! ಇದು ನಾನು ಕಟ್ಟಿದ ಕತೆಯಲ್ಲ. ಒಂದು ಸೋಮವಾರ ಅವರ ಜೊತೆ ಹೋಗಿ ಕಣ್ಣಾರೆ ಕಂಡದ್ದು. ಒಬ್ಬನಂತೂ ಅರ್ಧ ತಿಂದ ಡೋನಟ್ಟನ್ನು ಮೇಜಿನ ಮೇಲೆಯೇ ಬಿಟ್ಟು ಹಿಂಬಾಗಿಲಿನಿಂದ ನಡೆದೇಬಿಟ್ಟ. ಓಡಬೇಕೆಂದು ತಿಳಿಯದೆ ಉಳಿದವನು ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗ. ಅವನ ಪಾಡನ್ನು ಆಮೇಲೆ ಹೇಳುತ್ತೇನೆ.

ಭಾವನವರು ಎಂದರೆ ನನ್ನ ಅಕ್ಕನ ಗಂಡ. ಮನೆ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಕೆಲಸ ಡಿಯರ್‌ಬಾರ್ನ್‌ನಲ್ಲಿ, ಪ್ರಾಣ ಮಾತ್ರ ಅಂಗಿಯ ಜೇಬಿನಲ್ಲಿರುವ ಅಳತೆ ಟೇಪಿನಲ್ಲಿ. ಇಪ್ಪತ್ತಾರು ವರ್ಷದಿಂದ ಗಾಡಿಗಳ ಸೀಟು ವಿನ್ಯಾಸ ಮಾಡುತ್ತಿರುವ ಇಂಜಿನಿಯರು. ಹಾಗಾಗಿ ಕುರ್ಚಿ ಕಂಡರೆ ಎಲ್ಲರ ಹಾಗೆ ಸುಮ್ಮನೆ ಕೂತುಬಿಡುವ ಜಾಯಮಾನ ಅವರದಲ್ಲ. ಮೊದಲು ಅಂಗೈಯಿಂದ ಒತ್ತುತ್ತಾರೆ, ಬಗ್ಗಿ ಅಡಿಯನ್ನು ನೋಡುತ್ತಾರೆ, ಆಮೇಲೆ ಕೂರುತ್ತಾರೆ, ಕೂತಮೇಲೆ ತೀರ್ಪು ಕೊಡುತ್ತಾರೆ. ಒಮ್ಮೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದಾಗ ಆ ಮನೆಯಾಕೆಗೆ, "ನಿಮ್ಮ ಸೋಫಾ ಎರಡು ಡಿಗ್ರಿ ಜಾಸ್ತಿ ಹಿಂದಕ್ಕೆ ವಾಲಿದೆ, ಅದಕ್ಕೇ ಬಂದೋರು ಎದ್ದು ಹೋಗಲ್ಲ" ಎಂದರಂತೆ. ಮುಂದಿನ ವರ್ಷದ ಪೂಜೆಗೆ ಆ ಮನೆಯಲ್ಲಿ ಸೋಫಾ ಇರಲಿಲ್ಲ, ಮಡಿಚುವ ಕುರ್ಚಿಗಳಿದ್ದವು. ಪ್ರಸಾದ ತಿಂದ ಹತ್ತೇ ನಿಮಿಷಕ್ಕೆ ಮನೆ ಖಾಲಿ!

ಇಂಥವರ ಹೆಂಡತಿ ಹೋದ ಜನವರಿಯಲ್ಲಿ ಮನೆಮುಂದಿನ ಡ್ರೈವ್‌ವೇಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು, ಹೊಸ ಕೀಲು ಬಂತು, ಎರಡು ತಿಂಗಳಲ್ಲಿ ಕೋಲು ಹಿಡಿದು ಮನೆಯೊಳಗೆ ಓಡಾಡಿಕೊಂಡಳು. ತೊಂದರೆ ಶುರುವಾದದ್ದು ಕಾರಿನಿಂದ. ಒಂದು ದಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ಔಷಧಿ ಅಂಗಡಿಯ ಮುಂದೆ ಇಳಿಯಲು ಹೋಗಿ, ತಗ್ಗಿನ ಸೀಟಿನಿಂದ ಏಳಲಾಗದೆ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಳು. ಭಾವನವರೊಬ್ಬರಿಂದ ಆಗಲಿಲ್ಲ. ಗುರುತು ಪರಿಚಯವಿಲ್ಲದ ಇಬ್ಬರು ಗಂಡಸರು ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ಪಾಪ, ಒಳ್ಳೆಯವರೇ. ಸಮಾಧಾನವಾಗಲೆಂದು ನಗುನಗುತ್ತಾ ಎತ್ತಿದರು. ಆ ನಗುವನ್ನೇ ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.

ಅಂದಿನಿಂದ ಡಾಕ್ಟರ ಬಳಿಗೆ ಬಿಟ್ಟರೆ ಇನ್ನೆಲ್ಲಿಗೂ ಕಾರು ಹತ್ತುವುದಿಲ್ಲ ಎಂದು ಕೂತಳು. ದೇವಸ್ಥಾನ ಬಿಟ್ಟಳು, ಕನ್ನಡ ಕೂಟ ಬಿಟ್ಟಳು, ಶಿಕಾಗೋ ಪಕ್ಕದ ಶಾಮ್‌ಬರ್ಗ್‌ನ ನಮ್ಮ ಮನೆಯನ್ನೂ ಬಿಟ್ಟಳು. ಎರಡು ತಿಂಗಳಿಗೊಮ್ಮೆ ಐದು ಗಂಟೆ ದಾರಿ ಬಂದು, ಚಪ್ಪಲಿ ಬಿಟ್ಟವಳೇ ನನ್ನ ಫ್ರಿಜ್ ತೆಗೆದು ನೋಡಿ ಬೈದು, ಎರಡು ದಿನ ಇದ್ದು ಹೋಗುತ್ತಿದ್ದವಳು ಅವಳು. ಈಗ ಅವಳೊಂದಿಗೆ ಮಾತು ಫೋನಿನಲ್ಲಿ ಮಾತ್ರ. ಫೋನಿನಲ್ಲಿ ಎಷ್ಟೆಂದು ಬೈಯಲಾದೀತು? ನನಗೋ, ಅಕ್ಕ ಇನ್ನು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಶುರುವಾಗಿತ್ತು.

ಹೀಗಿರುವಾಗ ಏಪ್ರಿಲ್‌ನಲ್ಲಿ ಭಾವನವರ ಫೋನು ಬಂತು.

"ಪಿಕಪ್ ಟ್ರಕ್ ತಗೊಳ್ತಿದೀನಿ ಕಣಮ್ಮ."

"ಅಕ್ಕ ಕಾರೇ ಹತ್ತಲ್ಲ ಅಂತ ಕೂತಿದಾಳೆ, ನಿಮಗೆ ಟ್ರಕ್ ಬೇಕಾ ಭಾವ?"

"ಅವಳಿಗೇ ಕಣಮ್ಮ. ಕಾರು ತಗ್ಗು. ಟ್ರಕ್ಕಲ್ಲಿ ಸೀಟು ಎತ್ತರ ಇರುತ್ತೆ, ಇಳೀಬೇಕಾದ್ರೆ ಏಳೋ ಕಷ್ಟ ಇಲ್ಲ."

"ಎಸ್‌ಯುವಿನೂ ಎತ್ತರನೇ ಅಲ್ವಾ?"

"ಇಪ್ಪತ್ತಾರು ವರ್ಷ ಟ್ರಕ್ಕಿನ ಸೀಟು ಮಾಡಿದೀನಿ. ಒಂದ್ಸಲ ನಾನೂ ಕೂತ್ಕೋಬೇಡ್ವಾ?" ಎಂದರು.

ಸರಿ, ತಗೊಳ್ಳಿ ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯುವುದೇನು ಬಂತು, ಶುರುವಾದದ್ದೇ ಆಗ!

ಪಿಕಪ್ ಟ್ರಕ್ಕುಗಳಲ್ಲಿ ಮಿಡ್‌ಸೈಜ್ ಎಂದು ಒಂದು, ಫುಲ್‌ಸೈಜ್ ಎಂದು ಒಂದು. ಅಕ್ಕನ ಮನೆಯಲ್ಲಿ ಇವಕ್ಕೆ ಚಿಕ್ಕದು, ದೊಡ್ಡದು ಎಂದೇ ಹೆಸರು ಬಿತ್ತು. ಹತ್ತುವುದಕ್ಕೆ ಚಿಕ್ಕದು ಸುಲಭ, ಪಕ್ಕಕ್ಕೆ ತಿರುಗಿದರೆ ಸೀಟು ಸೊಂಟದ ಮಟ್ಟಕ್ಕೆ ಸಿಗುತ್ತದೆ. ಆದರೆ ಒಳಗೆ ಕಾಲು ಚಾಚಲು ಜಾಗ ಕಡಿಮೆ, ಶಿಕಾಗೋ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡೀತು. ದೊಡ್ಡದರಲ್ಲಿ ಕಾಲು ಚಾಚಿ ಮಹಾರಾಣಿಯ ಹಾಗೆ ಕೂರಬಹುದು. ಆದರೆ ಮೊದಲು ಮೆಟ್ಟಿಲ ಮೇಲೆ ಕಾಲಿಟ್ಟು, ಬಾಗಿಲ ಪಕ್ಕದ ಹಿಡಿ ಹಿಡಿದು ಹತ್ತಬೇಕು. ಹತ್ತುವುದು ನೋಡಿದರೆ ಚಿಕ್ಕದು, ಕೂರುವುದು ನೋಡಿದರೆ ದೊಡ್ಡದು. ಬೇರೆ ಯಾರಾದರೂ ಆಗಿದ್ದರೆ ಒಂದು ವಾರ ತಲೆ ಕೆಡಿಸಿಕೊಂಡು ಯಾವುದೋ ಒಂದನ್ನು ತಂದು ನಿಲ್ಲಿಸುತ್ತಿದ್ದರು. ಭಾವನವರು ಅಕ್ಟೋಬರ್ ಬಂದರೂ ಅಳೆಯುತ್ತಲೇ ಇದ್ದರು.

ಜೂನ್‌ನಲ್ಲಿ ಎರಡೂ ಟ್ರಕ್ಕುಗಳ ಉದ್ದಗಲವನ್ನು ಕಣ್ಣಿಗೆ ಕಟ್ಟುವಂತೆ ನೋಡಬೇಕೆಂದು, ಅಕ್ಕನ ಪೂಜಾ ಕಪಾಟಿನಿಂದ ರಂಗೋಲಿ ಪುಡಿ ತೆಗೆದು ಡ್ರೈವ್‌ವೇಯಲ್ಲಿ ನಿಜವಾದ ಅಳತೆಗೆ ಎರಡನ್ನೂ ಬರೆದರು. ಚಕ್ರ, ಕನ್ನಡಿ, ಬಾಗಿಲು ತೆರೆದಾಗ ಬೀಳುವ ಗೆರೆ, ಎಲ್ಲವೂ. ದೊಡ್ಡದಕ್ಕೆ ಬಿಳಿ, ಚಿಕ್ಕದಕ್ಕೆ ಕೆಂಪು. ಬಡಾವಣೆಯಲ್ಲಿ ನಾಯಿ ಹಿಡಿದುಕೊಂಡು ವಾಕಿಂಗ್ ಬರುವವರೆಲ್ಲ ನಿಂತು ನೋಡಿದರು. ಎದುರು ಮನೆಯ ಮುದುಕಿ ಬಂದು, ಬಹಳ ಸುಂದರವಾಗಿದೆ, ಇವತ್ತು ನಿಮಗೆ ಯಾವ ಹಬ್ಬ ಎಂದು ಕೇಳಿದಳಂತೆ. ಅಕ್ಕ ಕಿಟಕಿಯಿಂದಲೇ ನನಗೆ ಫೋನು ಮಾಡಿ, "ಮದುವೆಯಾಗಿ ಮೂವತ್ತು ವರ್ಷ ಆಯ್ತು ಕಣೇ, ಇವತ್ತು ಮೊದಲನೇ ಸಲ ನಿಮ್ಮ ಭಾವ ಬಾಗಿಲಿಗೆ ರಂಗೋಲಿ ಹಾಕಿದಾರೆ" ಎಂದಳು.

ಜುಲೈನಲ್ಲಿ ಗರಾಜು ಅಳೆದರು. ನಮ್ಮವರ ಗರಾಜೆಂದರೆ ನಿಮಗೆ ಗೊತ್ತಲ್ಲ, ಅದು ಕಾರಿಗಿಂತ ಹೆಚ್ಚಾಗಿ ಒಲೆಯದು. ಬೋಂಡ ಕರಿದ ಎಣ್ಣೆಯ ವಾಸನೆ ಮನೆಯೊಳಗೆ, ಕೋಟುಗಳ ಮೇಲೆ ಕೂರಬಾರದೆಂದು ಅಕ್ಕ ಅಲ್ಲೊಂದು ಗ್ಯಾಸ್ ಒಲೆ ಇಟ್ಟಿದ್ದಾಳೆ. ಒಗ್ಗರಣೆ, ಹಪ್ಪಳ, ಮೆಣಸಿನಕಾಯಿ ಹುರಿಯುವುದು ಎಲ್ಲ ಅಲ್ಲೇ. ದೊಡ್ಡ ಟ್ರಕ್ ಒಳಗೆ ಬರಬೇಕಾದರೆ ಒಲೆ ಆಚೆಗೆ ಹೋಗಬೇಕು ಎಂದು ಭಾವನವರ ಟೇಪು ಹೇಳಿತು.

"ಒಲೆ ಎತ್ತಿ," ಎಂದಳು ಅಕ್ಕ. "ಆಮೇಲೆ ಹಸಿವಾದ್ರೆ ಟ್ರಕ್ಕಲ್ಲಿ ಕೂತ್ಕೊಂಡು ಹೋಟ್ಲಿಗೆ ಹೋಗಿ."

ರಜೆಗೆ ಬಂದಿದ್ದ ಅಕ್ಕನ ಮಗಳು ಅಪ್ಪನ ಹಿಂದೆ ಟೇಪಿನ ತುದಿ ಹಿಡಿದುಕೊಂಡು ಸುತ್ತಿ ಸುತ್ತಿ ಸಾಕಾಗಿ, "ಅಪ್ಪಾ, ಪ್ಲೀಸ್, ಜಸ್ಟ್ ಪಿಕ್ ಒನ್" ಎಂದಳು. ಪಿಕ್ ಮಾಡುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಲು ಅಪ್ಪ ತಯಾರಿದ್ದರು.

ಅಕ್ಟೋಬರ್‌ನಲ್ಲಿ ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ, ಒಬ್ಬಳೇ ಕಾರು ಓಡಿಸಿಕೊಂಡು ಹೋದೆ. ಸೋಮವಾರ ಬೆಳಗ್ಗೆ ಭಾವನವರು, "ಬಾಮ್ಮ, ಇವತ್ತು ಫೈನಲ್ ಟೆಸ್ಟು" ಎಂದು ನನ್ನನ್ನು ಹೊರಡಿಸಿದರು. ಹಿಂದಿನ ಸೀಟಿನಲ್ಲಿ ಎಂಟು ಚೀಲ ಸೋನಾ ಮಸೂರಿ ಅಕ್ಕಿ ಇತ್ತು, ಚೀಲಕ್ಕೆ ಇಪ್ಪತ್ತು ಪೌಂಡು. ದೇವಸ್ಥಾನಕ್ಕೆ ಕೊಡಲಿಕ್ಕೇನೋ ಎಂದುಕೊಂಡೆ. ಆಮೇಲೆ ತಿಳಿಯಿತು: ಅವರ ಲ್ಯಾಬಿನಲ್ಲಿ ಸೀಟಿನ ಪರೀಕ್ಷೆಗೆ ಮನುಷ್ಯರ ತೂಕದ ಗೊಂಬೆ ಕೂರಿಸುತ್ತಾರಂತೆ. ತೂಕ ಬಿದ್ದಾಗ ಸೀಟು ಎಷ್ಟು ಒಳಗೆ ಹೋಗುತ್ತದೋ ಅದನ್ನು ಕಳೆದರೆ ತಾನೇ ನಿಜವಾದ ಎತ್ತರ ಸಿಗುವುದು? ಗೊಂಬೆಯನ್ನು ಮನೆಗೆ ತರುವಂತಿಲ್ಲ. ಅಕ್ಕಿ ಮನೆಯಲ್ಲೇ ಇತ್ತು.

ಹೇಳಿದೆನಲ್ಲ, ಅನುಭವಸ್ಥರೆಲ್ಲ ಊಟಕ್ಕೆ ಹೋದ ಮೇಲೆ ಸಿಕ್ಕಿಬಿದ್ದವನು ಆ ಹೊಸ ಹುಡುಗ. ಭಾವನವರು ದೊಡ್ಡ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಎಂಟೂ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ, ಬೀಳದಂತೆ ಸೀಟ್ ಬೆಲ್ಟ್ ಹಾಕಿ, ಟೇಪು ಹಿಡಿದು ಮಂಡಿಯೂರಿದರು. ಹುಡುಗ ತನಗೆ ಕಲಿಸಿಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದ: ಸರ್, ಇದರಲ್ಲಿ ಏನು ಸಾಗಿಸಬೇಕೆಂದಿದ್ದೀರಿ?

"ಮೈ ವೈಫ್," ಎಂದರು ಭಾವನವರು, ಚೀಲಗಳ ಕಡೆ ಕೈ ತೋರಿಸಿ.

ಹುಡುಗ ಚೀಲಗಳನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಚೀಲಗಳ ಕಡೆ ತಲೆಬಾಗಿಸಿ, "ನೈಸ್ ಟು ಮೀಟ್ ಯು, ಮ್ಯಾಮ್" ಎಂದ.

ಇದನ್ನು ನಾನು ಅಕ್ಕನಿಗೆ ಹೇಳಬಾರದಿತ್ತು. ಆದರೆ ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡುವುದು ನನ್ನಿಂದಾಗುವ ಕೆಲಸವೇ? ಮಧ್ಯಾಹ್ನ ಸಾರನ್ನ ಕಲಸುತ್ತಾ ಹೇಳಿಬಿಟ್ಟೆ. ಅಕ್ಕ ನಗಲಿಲ್ಲ.

"ಎಷ್ಟು ಚೀಲ?"

"ಎಂಟು," ಎಂದರು ಭಾವನವರು ತಲೆಯೆತ್ತದೆ.

"ಏಳು."

"ಚಳಿಗಾಲದ ಕೋಟೂ ಸೇರ್ಸಿದೀನಿ ಕಣೇ."

ಅಕ್ಕ ಕೈ ತೊಳೆದು ಬಂದು ನಿಂತಳು. ನಾನು ಅವಳನ್ನು ಹಾಗೆ ನೋಡಿ ಬಹಳ ದಿನವಾಗಿತ್ತು. "ಏಪ್ರಿಲ್‌ನಿಂದ ಗರಾಜು ಅಳೆದ್ರಿ, ರೋಡು ಅಳೆದ್ರಿ, ನನ್ನ ಸೊಂಟಾನೂ ಅಳೆದ್ರಿ. ನಿನಗೆ ಯಾವುದು ಬೇಕು ಅಂತ ಒಂದು ದಿನ ಬಾಯಿಬಿಟ್ಟು ಕೇಳಿದ್ರಾ? ನಾನೇನು ಅಕ್ಕಿ ಮೂಟೆನಾ, ನೀವು ಎತ್ತಿಟ್ಟ ಕಡೆ ಕೂತ್ಕೊಳ್ಳೋಕೆ?"

ಭಾವನವರು ನನ್ನ ಮುಖ ನೋಡಿದರು. ನಾನು ಸಾರನ್ನ ನೋಡಿದೆ. ಆರು ತಿಂಗಳ ಅಳತೆಯಲ್ಲಿ ಇದೊಂದು ಅಳತೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಬೈದವಳು ಅವಳೇ, ಕೋಲು ತೆಗೆದುಕೊಂಡವಳೂ ಅವಳೇ. "ನಡೀರಿ, ನಾನೇ ನೋಡ್ತೀನಿ" ಎಂದು ಹೊರಟೇಬಿಟ್ಟಳು. ಕೋಪ ಎಷ್ಟಿತ್ತೆಂದರೆ ಕಾರು ಹತ್ತುವುದಿಲ್ಲವೆಂಬ ಶಪಥವೇ ಮರೆತುಹೋಗಿತ್ತು. ನನ್ನ ಕಾರಿನ ಸೀಟಿಗೆ ಎರಡು ದಿಂಬು ಹಾಕಿ ಕೂರಿಸಿಕೊಂಡು ಟ್ರಕ್ ಅಂಗಡಿಗೆ ಹೋದೆವು.

ಆ ಹೊಸ ಹುಡುಗ ಅಕ್ಕನನ್ನು ಕಂಡು, ಈ ಸಲ ನಿಜವಾದ ಮನುಷ್ಯರು ಬಂದಿದ್ದಾರೆಂದು ಬಹಳ ಸಮಾಧಾನಪಟ್ಟ. ಮೊದಲು ದೊಡ್ಡದು. ಅಕ್ಕ ಹಿಡಿ ಹಿಡಿದಳು, ಮೆಟ್ಟಿಲ ಮೇಲೆ ಕಾಲಿಟ್ಟಳು. ಭಾವನವರು ಹಿಂದೆ ಎರಡೂ ಕೈ ಚಾಚಿ ನಿಂತಿದ್ದರು. ಮುಟ್ಟಲು ಧೈರ್ಯವಿಲ್ಲ, ಸರಿಯಲು ಮನಸ್ಸಿಲ್ಲ. ಅಕ್ಕ ಯಾರ ಕೈಯೂ ಇಲ್ಲದೆ ಹತ್ತಿ ಕೂತಳು, ಕಾಲು ಚಾಚಿದಳು. ಮುಖದಲ್ಲಿ ನೋವಿನ ಗೆರೆಯೇ ಇಲ್ಲ. ಭಾವನವರು ಸ್ಟೀರಿಂಗ್ ಹಿಡಿದರು, ನಾನು ಹಿಂದೆ ಕೂತೆ. ಒಂದೆರಡು ಮೈಲಿ ಹೋಗಿ ಬಂದೆವು. ಅಕ್ಕ ದಾರಿಯುದ್ದಕ್ಕೂ ಮೆತ್ತನೆಯ ದನಿಯಲ್ಲಿ ಏನೇನೋ ಹೇಳಿದಳು. ಭಾವನವರು ಒಂದಕ್ಕೂ ಉತ್ತರ ಕೊಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು. ಬೈಸಿಕೊಂಡ ಬಿಸಿ ಇನ್ನೂ ಆರಿಲ್ಲ ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ಇಳಿದ ಕೂಡಲೆ ಅವರ ಮುಖ ಅರಳಿತು. "ಆಯ್ತಲ್ಲ, ದೊಡ್ಡದೇ. ಒಲೆಗೆ ಹಿತ್ತಲಲ್ಲಿ ಒಂದು ಶೆಡ್ ಹಾಕೋಣ."

"ಚಿಕ್ಕದನ್ನೂ ನೋಡ್ಬಿಡ್ತೀನಿ," ಎಂದಳು ಅಕ್ಕ.

ಚಿಕ್ಕದರಲ್ಲಿ ಹಿಂದಿನ ಸೀಟೆಂದರೆ ನೆಪಕ್ಕೆ. ಮೊಣಕಾಲು ಗಲ್ಲಕ್ಕೆ ತಗಲಿಸಿಕೊಂಡು ನಾನು ಮುದುರಿ ಕೂತೆ. ಮುಂದೆ ಅಕ್ಕನೂ ಭಾವನವರೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅದೇ ರಸ್ತೆ, ಅದೇ ಎರಡು ಮೈಲಿ. ಅಕ್ಕ ಅದೇ ಮೆತ್ತನೆಯ ದನಿಯಲ್ಲಿ ಏನೋ ಹೇಳಿದಳು. ಭಾವನವರು ಉತ್ತರ ಕೊಟ್ಟರು. ಇನ್ನೇನೋ ಕೇಳಿದಳು. ಅದಕ್ಕೂ ಕೊಟ್ಟರು. ವಾಪಸು ಬಂದು ಗಾಡಿ ನಿಲ್ಲಿಸಿದಾಗ ಅಕ್ಕ ಇಳಿಯಲಿಲ್ಲ.

"ಇದು ಸಾಕು."

"ಕಾಲಿಗೆ ಜಾಗ ಸಾಲಲ್ಲ ಕಣೇ. ಐದು ಗಂಟೆ ದಾರಿ. ನೋವು ಬರುತ್ತೆ."

"ನೋವು ಬಂದ್ರೆ ನಿಲ್ಸಿ ಅಂತೀನಿ. ನಾನು ನಿಲ್ಸಿ ಅಂದಿದ್ದು ನಿಮಗೆ ಕೇಳಿಸ್ಬೇಕಲ್ಲ."

ಭಾವನವರ ಕೈ ಸ್ಟೀರಿಂಗ್ ಬಿಟ್ಟು ಬಲಗಿವಿಯ ಹತ್ತಿರ ಹೋಯಿತು. ಅಕ್ಕನ ಕಡೆಗಿದ್ದ ಕಿವಿ ಅದು. ದೊಡ್ಡ ಟ್ರಕ್ಕಿನಲ್ಲಿ ಅವರಿಗೆ ಅಕ್ಕನ ಮಾತು ಕೇಳಿಸಿಯೇ ಇರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು.

"ಯಾವಾಗ ಗೊತ್ತಾಯ್ತು ನಿನಗೆ?" ಎಂದು ಕೇಳಿದರು. ಅಷ್ಟು ಸಣ್ಣ ದನಿ ಅವರಿಗಿದೆಯೆಂದು ನನಗೆ ಗೊತ್ತಿರಲಿಲ್ಲ.

"ನಿಮಗೆ ಗೊತ್ತಾಗೋಕೆ ಮುಂಚೆ."

ಭಾವನವರು ಜೇಬಿನ ಟೇಪಿಗೆ ಕೈ ಹಾಕಲಿಲ್ಲ, ಲೆಕ್ಕ ಹೇಳಲಿಲ್ಲ. ಅಕ್ಕನ ಕೈ ಹಿಡಿದುಕೊಂಡು ಕೂತರು. ಇಳಿಯೋಣವೆಂದರೆ ಮುಂದಿನವರು ಇಳಿಯದೆ ಆ ಮೂಲೆಯಿಂದ ನನ್ನನ್ನು ಬಿಡಿಸಿಕೊಳ್ಳುವ ಹಾಗಿರಲಿಲ್ಲ. ಕಣ್ಣೊರೆಸಿಕೊಳ್ಳೋಣವೆಂದರೆ ಕೈ ಎತ್ತಲೂ ಜಾಗವಿರಲಿಲ್ಲ. ಅಷ್ಟು ದಿನ ಈ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರಿಬ್ಬರ ಮೇಲೂ ಹೇಳಲಾಗದಷ್ಟು ಪ್ರೀತಿ ಬಂತು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅವರು ಶಾಮ್‌ಬರ್ಗ್‌ಗೆ ಬಂದರು. ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕ ಟ್ರಕ್ಕು ನಮ್ಮ ಮನೆಯ ಮುಂದೆ ಬಂದು ನಿಂತಿತು. ನಾನು ಓಡಿಹೋಗಿ ಮನೆಯ ಬಾಗಿಲು ತೆಗೆದೆ. ಎಂಜಿನ್ ಆಫ್ ಆಗಿತ್ತು, ಆದರೆ ಇಬ್ಬರೂ ಇಳಿಯಲಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಗಾಜಿನಾಚೆ ಅಕ್ಕ ಕೈ ಆಡಿಸುತ್ತಾ ಇನ್ನೂ ಏನೋ ಹೇಳುತ್ತಿದ್ದಳು. ಭಾವನವರು ಅವಳ ಕಡೆ ಬಾಗಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ನಾನು ಕರೆಯಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿ, ಒಳಗೆ ಬಂದು ಕಾಫಿಗೆ ಹಾಲಿಟ್ಟೆ.