ಬಚ್ಚಲುಮನೆಯ ಗುಹಾಮಾನವರು

ನಮ್ಮಕ್ಕ ಬಸವನಗುಡಿಯ ಇಡೀ ಒಂದು ಬೀದಿಯ ಮಕ್ಕಳನ್ನು ಒಂದೇ ಬೇಸಿಗೆ ರಜೆಯಲ್ಲಿ ಕಾಡುಮನುಷ್ಯರನ್ನಾಗಿ ಮಾಡಿದಳು ಎಂದರೆ ನಂಬುತ್ತೀರಾ? ಕಣ್ಣಾರೆ ಕಂಡ ನಾನೇ ನಂಬಿರಲಿಲ್ಲ!

ಎಪ್ಪತ್ತರ ದಶಕದ ಕೊನೆಯ ಮಾತು. ಅಕ್ಕ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ. ನಾನು ಏಳನೇ ಕ್ಲಾಸಿಗೇ ಓದಿಗೆ ಕೈಮುಗಿದು ತರಕಾರಿ ಅಂಗಡಿಯಲ್ಲಿ ಕೂತವನು. ಆದಿಮಾನವರು ಗುಹೆಯಲ್ಲಿ ಚಿತ್ರ ಬರೆದದ್ದನ್ನು ಮಕ್ಕಳಿಗೆ ಹೇಳಿದರೆ ಸಾಲದು, ಮಾಡಿಸಬೇಕು ಎಂದು ಅವಳ ಹಟ. ಗುಹೆ ಎಲ್ಲಿಂದ ತರುವುದು? ನಮ್ಮ ಬಚ್ಚಲುಮನೆ ಇಲ್ಲವೇ! ಕಿಟಕಿಗೆ ಗೋಣಿಚೀಲ, ಹಂಡೆಯ ಒಲೆಗೆ ಬೆಂಕಿ. ಒಳಗೆ ಯಾರೂ ಮಾತಾಡುವಂತಿಲ್ಲ, ಗುರುಗುಟ್ಟಬೇಕು.

ಎದುರುಮನೆಯಾಕೆ ಓಡಿಬಂದರು. "ಊಟಕ್ಕೆ ಬಾರೋ ಅಂದ್ರೆ ಗುರ್‌ರ್ ಅಂತಾನಲ್ರೀ ನನ್ ಮಗ!"

"ಭಾಷೆ ಇನ್ನೂ ಹುಟ್ಟಿಲ್ಲ ರೀ, ಸ್ವಲ್ಪ ತಡೀರಿ," ಎಂದಳು ಅಕ್ಕ.

ಕಾಡುಕೋಣ ಬರೆಯೋ ಎಂದರೆ ಒಬ್ಬ ಹುಡುಗ ಇದ್ದಿಲಲ್ಲಿ ಸಿಟಿ ಬಸ್ಸು ಬರೆದ. ನಾನು ನಕ್ಕೆ.

"ನಗ್ಬೇಡ್ವೋ. ಅವನ ಎದೆ ನಡುಗಿಸೋ ಪ್ರಾಣಿ ಅದೇ!"

ಆಮೇಲೆ ಕೈಗಳ ಸರದಿ. ಮಕ್ಕಳು ಗೋಡೆಗೆ ಅಂಗೈ ಒತ್ತಿ ನಿಂತರೆ, ಅಕ್ಕ ಕೆಮ್ಮಣ್ಣು ಕಲಸಿದ ನೀರನ್ನು ಪರಂಗಿ ಎಲೆಯ ಟೊಳ್ಳು ದಂಟಿನಿಂದ ಊದುವಳು. ಕೈ ತೆಗೆದರೆ ಕೆಂಪಿನ ನಡುವೆ ಬೆಳ್ಳನೆಯ ಪುಟ್ಟ ಕೈ! "ನೀವು ಮುದುಕರಾದ್ರೂ ಇದು ಇಲ್ಲೇ ಇರತ್ತೆ," ಎಂದು ಮಾತು ಕೊಟ್ಟಳು. ಭಾನುವಾರ ಅಪ್ಪ ಅಮ್ಮಂದಿರನ್ನು ಕರೆತಂದು ತೋರಿಸುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ, ನನಗೆ ಹೆಣ್ಣು ಕೊಡಲಿದ್ದವರ ಕಡೆಯ ಸೋದರಮಾವ ಮನೆ ನೋಡಲು ಬಂದರು. ಕಾಲು ತೊಳೆಯಲು ಬಚ್ಚಲಿಗೆ ಹೋದವರು ಕಿಟಾರನೆ ಕಿರುಚಿ, ಒದ್ದೆ ಕಾಲಲ್ಲೇ ಬೀದಿಗೆ ಬಂದುಬಿಟ್ಟರು!

"ಯಾರನ್ರೀ ಕೊಂದಿದೀರಾ ಒಳಗೆ?"

"ಕೊಲೆ ಅಲ್ಲ ರೀ, ಡ್ರಾಯಿಂಗ್ ಕ್ಲಾಸು," ಎಂದಳು ಅಕ್ಕ.

ಭಾನುವಾರ ಹುಡುಗಿಯ ತಂದೆಯೂ ಬರುವವರಿದ್ದರು. ನಾನು ಹೆದರಿದೆ. ಶನಿವಾರ ಅಕ್ಕ ಬಂದವರಿಗೆ ಕೊಡಲು ಮಂಡಕ್ಕಿ ತರಲು ಗಾಂಧಿಬಜಾರಿಗೆ ಹೋದಾಗ, ಸುಣ್ಣ ಕಲಸಿ ಇಡೀ ಗೋಡೆಗೆ ಬಳಿದುಬಿಟ್ಟೆ. ಒಂದು ಕೈಯೂ ಉಳಿಯಲಿಲ್ಲ.

ಬಂದು ನೋಡಿದ ಅಕ್ಕ ಚೀಲ ಹಿಡಿದೇ ನಿಂತಳು. ಬಯ್ಯುತ್ತಾಳೆಂದು ಕಾದೆ. ಅವಳ ಕಣ್ಣು ನನ್ನ ಅಂಗೈ ಮೇಲೆ ಬಿತ್ತು; ಸುಣ್ಣಕ್ಕೆ ಸುಟ್ಟು ಬೊಬ್ಬೆ ಎದ್ದಿದ್ದವು.

"ಬಿಸಿ ಸುಣ್ಣಕ್ಕೆ ಬರಿಗೈ ಹಾಕ್ತಾರೇನೋ, ಪೆದ್ದೇ?" ಎಂದು ಕೊಬ್ಬರಿಎಣ್ಣೆ ಹಚ್ಚತೊಡಗಿದಳು.

"ನಾಳೆ ಮಕ್ಕಳಿಗೇನಕ್ಕಾ ಹೇಳ್ತೀಯಾ?"

"ನಾನೇ ಬಳಿದೆ ಅಂತೀನಿ ಬಿಡು. ನಿನ್ ಮದುವೆ ಆಗ್ಲಿ."

ಭಾನುವಾರ ಹಾಗೆಯೇ ಹೇಳಿದಳು. ಒಂದು ಪುಟ್ಟ ಹುಡುಗಿ ಅಳುತ್ತಾ, "ನೀವು ಸುಳ್ಳಿ, ಮೇಡಂ," ಎಂದಳು.

"ಹೌದು ಕಣಮ್ಮಾ," ಎಂದಳು ಅಕ್ಕ.

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಹೊರಗೆ ಬರಲಿಲ್ಲ.