ಚಿಕ್ಕಪ್ಪ ಕೂರಲೊಲ್ಲದ ಪಂಚಾಯಿತಿ

ಅಮೆರಿಕದ ಟ್ರಾಯ್ ಊರಿನಲ್ಲಿರುವ ನನ್ನ ಚಿಕ್ಕಪ್ಪನ ಮುಂದೆ ಯಾರೂ ಜಗಳ ಆಡಬಾರದು. ಅವರು ಬಯ್ಯುವುದಿಲ್ಲ, ವಿಚಾರಣೆಗೆ ತೆಗೆದುಕೊಂಡುಬಿಡುತ್ತಾರೆ! ಲಂಡನ್ನಿನಲ್ಲಿ ಬಹುಕಾಲ ಆರ್ಬಿಟ್ರೇಟರ್ ಆಗಿದ್ದು, ವ್ಯಾಪಾರಿಗಳ ವ್ಯಾಜ್ಯಗಳನ್ನು ಕೋರ್ಟಿನ ಹೊರಗೇ ತೀರಿಸುತ್ತಿದ್ದವರು. ನಿವೃತ್ತರಾದ ಮೇಲೆ ಚಿಕ್ಕಮ್ಮನೊಂದಿಗೆ ದೊಡ್ಡ ಮಗಳ ಮನೆಗೆ ಬಂದರು. ಇಂಗ್ಲೆಂಡಿನ ಕಾನೂನೂ ಜೊತೆಗೇ ಬಂತು.

ಒಮ್ಮೆ ಮೊಮ್ಮಗಳ ಸಾಕರ್ ಪಂದ್ಯದಲ್ಲಿ ಮೈದಾನಕ್ಕಿಳಿದು, ಅವಳಿಗೆ ಎಚ್ಚರಿಕೆಯ ಹಳದಿ ಕಾರ್ಡು ಕೊಟ್ಟದ್ದಕ್ಕೆ ಕಾರಣ ಹೇಳಿ ಎಂದು ರೆಫರಿಯನ್ನು ಕೇಳಿದರು. ಆತ ಅದೇ ಕಾರ್ಡನ್ನು ಚಿಕ್ಕಪ್ಪನಿಗೂ ತೋರಿಸಿದ. ವಾಪಸ್ ಬರುವಾಗ ಕಾರಿನಲ್ಲಿ ನನಗೆ ಪಾಠ.

“ಇಂಗ್ಲೆಂಡಲ್ಲಿ ರೆಫರಿ ಅಂದ್ರೆ ಕೋರ್ಟೇ ನೇಮಿಸಿದೋನು ಕಣೋ. ಜಡ್ಜಿಯ ತಲೆಗೆ ಹೋಗದ ಟೆಕ್ನಿಕಲ್ ವಿಷಯ ಅವನು ನೋಡ್ತಾನೆ. ಆರ್ಬಿಟ್ರೇಟರ್‌ನ ಮಾತ್ರ ಜಗಳ ಆಡೋರೇ ಒಪ್ಪಿ ಆರಿಸ್ಕೋತಾರೆ.”

“ನಿಮ್ಮನ್ನ ಯಾರು ಆರಿಸಿದ್ರು ಚಿಕ್ಕಪ್ಪ?”



ಒಂದು ಸಲ ಅವರನ್ನು ನಿಜವಾಗಿಯೂ ಆರಿಸಿದರು. ಪಕ್ಕದ ಎರಡು ಮನೆಯವರು ಸೇರಿ ಹಿಮ ತೆಗೆಯುವ ಯಂತ್ರ ಕೊಂಡಿದ್ದರು. ಹಿಮ ಬಿದ್ದ ದಿನ ಮೊದಲು ಯಾರಿಗೆ ಎಂಬುದೇ ವ್ಯಾಜ್ಯ. ಚಿಕ್ಕಪ್ಪ ಇಬ್ಬರ ವಾದ ಕೇಳಿ, ಪ್ರತಿವಾದ ಕೇಳಿ, ಮನೆ ಮುಂದಿನ ಎರಡೂ ಡ್ರೈವ್‌ವೇಗಳನ್ನು ಖುದ್ದಾಗಿ ಪರಿಶೀಲಿಸಿ, ತೀರ್ಪು ಹೇಳುವಷ್ಟರಲ್ಲಿ ಹಿಮವೆಲ್ಲ ಕರಗಿತ್ತು.

“ವಿವಾದ ಮುಗೀತು ತಾನೆ?” ಎಂದರು.

ಈ ವಸಂತದಲ್ಲಿ ಚಿಕ್ಕಮ್ಮನಿಗೆ ಮಂಡಿ ಆಪರೇಷನ್ ಆಯಿತು. ಚೇತರಿಸಿಕೊಳ್ಳುವವರೆಗೆ ಅಮ್ಮ ತನ್ನ ಮನೆಯಲ್ಲಿರಲಿ ಎಂದು ದೂರದ ಲೊಂಬಾರ್ಡ್ ಊರಿನಿಂದ ಬಂದ ಚಿಕ್ಕ ಮಗಳು ಹಟ ಹಿಡಿದಳು. “ಡಾಕ್ಟರ್ ಇಲ್ಲೇ ಇರೋವಾಗ ಅಲ್ಲಿಗ್ಯಾಕೆ?” ಎಂದಳು ದೊಡ್ಡವಳು. ಮಾತು ಬೆಳೆಯಿತು. ಕೊನೆಗೆ ಇಬ್ಬರೂ ಅಪ್ಪನ ಕಡೆ ತಿರುಗಿದರು.

“ನಾನು ಈ ಪಂಚಾಯಿತಿಗೆ ಕೂರೋ ಹಾಗಿಲ್ಲ,” ಎಂದರು ಚಿಕ್ಕಪ್ಪ. “ನನ್ನ ಸ್ನೇಹಿತರು, ದೇವಸ್ಥಾನ ಎಲ್ಲಾ ಇಲ್ಲಿದೆ. ಇದರಲ್ಲಿ ನನ್ನ ಸ್ವಾರ್ಥ ಇದೆ. ಆದ್ರೆ ನೀವಿಬ್ರೂ ನಿಮ್ಮಮ್ಮನ್ನೇ ಕೇಳಿಲ್ಲ.”

ಕುರ್ಚಿಯನ್ನು ಚಿಕ್ಕಮ್ಮನ ಹತ್ತಿರ ಎಳೆದುಕೊಂಡು ಕೂತರು. “ನಿನಗೆಲ್ಲಿರಬೇಕು ಅನ್ಸುತ್ತೆ?”

ಚಿಕ್ಕಮ್ಮ, “ಲೊಂಬಾರ್ಡ್. ಅಲ್ಲಿ ನನ್ನ ತಂಗಿ ಹತ್ತಿರದಲ್ಲೇ ಇದಾಳೆ. ಕಾಲು ವಾಸಿಯಾದ್ಮೇಲೂ ಅಲ್ಲೇ ಇರೋಣ ಅನ್ಸುತ್ತೆ,” ಎಂದರು.

ಚಿಕ್ಕಪ್ಪನ ಮುಖ ಸಣ್ಣಗಾಯಿತು. ನಾನು ವಾತಾವರಣ ತಿಳಿಯಾಗಲೆಂದು, “ಅಪೀಲು ಹಾಕಲ್ವಾ ಚಿಕ್ಕಪ್ಪ?” ಎಂದೆ.

“ನನಗೋಸ್ಕರ ಇವಳು ಮೈಸೂರು ಬಿಟ್ಲು, ಲಂಡನ್ ಬಿಟ್ಲು. ಎರಡು ಸಲವೂ ನಾನು ಕೇಳಿರ್ಲಿಲ್ಲ,” ಎಂದರು. ಆಮೇಲೆ ನೆಲದ ಮೇಲೆ ಕೂತು, ನೋಯುವ ಕಾಲನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು, ಚಿಕ್ಕಮ್ಮನಿಗೆ ಕಾಲುಚೀಲ ಹಾಕತೊಡಗಿದರು.