ಕಡೂರಿಗೆ ಹೋದ ಕಡಲ ಮುಳ್ಳುಚೆಂಡು

ಅಜ್ಜಂಪುರದಲ್ಲಿ ನಾನು ಹೊಲಿಗೆ ಅಂಗಡಿ ತೆರೆದಾಗ, ‘ಹೆಂಗಸು ಅಂಗಡಿ ನಡೆಸೋದುಂಟೇ? ದೀಪಾವಳಿಯೊಳಗೆ ಬಾಗಿಲು ಮುಚ್ತಾಳೆ’ ಅಂದವರು ನಮ್ಮ ಭಾವ. ನಾನು ಮುಚ್ಚಲಿಲ್ಲ. ಆದರೆ ಗಿರಾಕಿಗಳಿಗಿಂತ ನಗೆಪಾಟಲಿನ ಪ್ರಸಂಗಗಳೇ ಆ ಬಾಗಿಲಿಗೆ ಹೆಚ್ಚು ಬರುತ್ತಿದ್ದವು. ಎಂಬತ್ತರ ದಶಕದಲ್ಲಿ ಒಂದು ಬಂದದ್ದು ನೇರ ಸಮುದ್ರದ ತಳದಿಂದ.

ಅಳತೆ

ಹೈಸ್ಕೂಲಿನ ವಿಜ್ಞಾನದ ಟೀಚರ್ ಒಂದು ಪುಸ್ತಕ ತಂದರು. ಕಡೂರಿನ ವಸ್ತುಪ್ರದರ್ಶನಕ್ಕೆ ಆಳ ಸಮುದ್ರದ ಮುಳ್ಳುಚೆಂಡು, ಅಂದರೆ ‘ಸೀ ಅರ್ಚಿನ್’ ಅನ್ನೋ ಪ್ರಾಣಿಯ ಬಟ್ಟೆಯ ಗೊಂಬೆ ಹೊಲಿದುಕೊಡಬೇಕಂತೆ. ಅದಕ್ಕೆ ಗಟ್ಟಿ ಚಿಪ್ಪಿಲ್ಲ, ಮೆತ್ತನೆ ಮೈ. ನೀರು ತುಂಬಿಕೊಂಡು ಉಬ್ಬಿರುತ್ತೆ. ‘ಚೆನ್ನಾಗಿ ಬಂದರೆ ಸ್ಕೂಲ್ ಯೂನಿಫಾರಂ ಕೆಲಸ ನಿಮಗೇ ಕೊಡಿ ಅಂತ ಹೆಡ್‌ಮಾಸ್ಟರಿಗೆ ಹೇಳ್ತೀನಿ’ ಅಂದರು. ಆ ಕೆಲಸ ಸಿಕ್ಕದಿದ್ದರೆ ಭಾವನ ಮಾತೇ ನಿಜವಾಗುವ ಹಾಗಿತ್ತು.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು. ಪುಸ್ತಕ ಪೂರ್ತಿ ಓದಿಯೇ ಕತ್ತರಿ ಹಿಡಿದೆ. ಭಾವ ಬಂದು ಕೂತು, ಕಾಫಿ ಕುಡಿಯುತ್ತಾ ಬಗ್ಗಿ ನೋಡಿದರು.

‘ಇದರ ಬಾಯಿ ಎಲ್ಲಮ್ಮ?’

‘ಕೆಳಗಡೆ, ಭಾವ. ಐದು ಹಲ್ಲು.’

‘ಮತ್ತೆ ನೆತ್ತಿ ಮೇಲಿನ ತೂತು?’

‘ಅದು ಬಯಲುಕಡೆಗೆ.’

ಭಾವ ತಮ್ಮ ನೆತ್ತಿ ಮುಟ್ಟಿ ನೋಡಿಕೊಂಡರು. ‘ನೆತ್ತಿ ಮೇಲೇನಾ!’ ಅಂದವರೇ ಕಾಫಿ ಅಲ್ಲೇ ಬಿಟ್ಟು ಎದ್ದು ಹೋದರು.

ಬಸ್ಸು

ಒಳಗೆ ಫುಟ್‌ಬಾಲಿನ ಗಾಳಿ ತುಂಬಿದ ಬ್ಲಾಡರ್, ಮೇಲೆ ಬಟ್ಟೆ, ಮೈತುಂಬ ತೆಂಗಿನ ಕಡ್ಡಿಯ ಮುಳ್ಳು. ಮುಳ್ಳಿನ ತುದಿಗೆ ವಿಷದ ಚೀಲ ಇರುತ್ತೆ ಅಂತ ಓದಿದ್ದೆ. ಅಲ್ಲಿ ಮಣಿ ಪೋಣಿಸಿದೆ. ನಮ್ಮ ಯಜಮಾನರು ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಬಸ್ ಹತ್ತಿದರು, ಹಿಂದೆ ನಾನು. ಕಾಲಿಡೋಕೂ ಜಾಗವಿರಲಿಲ್ಲ.

‘ಏನಪ್ಪಾ ಅದು?’ ಅಂದ ಕಂಡಕ್ಟರ್.

‘ಸಮುದ್ರದ ಪ್ರಾಣಿ ಕಣಣ್ಣ. ಮುಳ್ಳಲ್ಲಿ ವಿಷ ಇರ್ತದೆ,’ ಅಂದರು ಇವರು.

ಬೀರೂರು ದಾಟಿದರೂ ಹಿಂದಿನ ಸೀಟು ಪೂರ್ತಿ ನಮ್ಮದೇ. ಕಡೂರಲ್ಲಿ ಇಳಿಯುವಾಗ ಕಂಡಕ್ಟರ್ ಮೆಲ್ಲಗೆ ಕೇಳಿದ: ‘ಅಮ್ಮಾ, ವಾಪಸ್ಸು ಬೇರೆ ಬಸ್ಸಲ್ಲಿ ಬತ್ತೀರಾ?’

ನೀರಿಗೆ ಬಿಟ್ಟದ್ದು

ಬಸ್ಸಿನ ಕುಲುಕಾಟಕ್ಕೆ ಒಂದು ಕಡ್ಡಿ ಬ್ಲಾಡರಿಗೆ ಚುಚ್ಚಿ ಗಾಳಿ ಸೋರತೊಡಗಿತ್ತು. ಯಜಮಾನರು ಸೈಕಲ್ ಪಂಪ್ ಹಿಡಿದು ಪ್ರದರ್ಶನದ ಮೇಜಿನ ಕೆಳಗೆ, ಪರದೆಯ ಮರೆಯಲ್ಲಿ ಕೂತು ಒತ್ತುತ್ತಲೇ ಇದ್ದರು. ಮುಖ್ಯ ಅತಿಥಿ, ಹೆಡ್‌ಮಾಸ್ಟರ್ ಇಬ್ಬರೂ ಬಂದು ನಿಂತರು. ಆಗಲೇ ಯಜಮಾನರಿಗೆ ಸೀನು ಬಂತು. ಪಂಪ್ ನಿಂತಿತು. ಮುಳ್ಳುಚೆಂಡು ಎಲ್ಲರ ಕಣ್ಣೆದುರೇ ಕುಸಿದು ರೊಟ್ಟಿಯಾಯಿತು.

ಯೂನಿಫಾರಂ ಹೋಯ್ತು ಅಂದುಕೊಂಡೆ. ಅಷ್ಟರಲ್ಲಿ ಓದಿದ್ದು ಬಾಯಿಗೆ ಬಂತು: ‘ಮೇಲಕ್ಕೆ ತಂದರೆ ಇದು ಹೀಗೇ ಸಾರ್. ನೀರಿನ ಆಸರೆ ತಪ್ಪಿದರೆ ಚಪ್ಪಟೆಯಾಗಿಬಿಡುತ್ತೆ.’

‘ಅಯ್ಯೋ ಪಾಪ, ಮತ್ತೆ ನೀರಿಗೆ ಬಿಡ್ರಮ್ಮ!’ ಅಂದರು ಅತಿಥಿ.

‘ಬಿಟ್ಟೆ ಸಾರ್!’ ಅಂತ ಮೇಜಿನ ಕೆಳಗಿಂದ ದನಿ ಬಂತು. ಚೆಂಡು ಉಬ್ಬಿತು.

ಸಂಜೆಯವರೆಗೂ ಮಕ್ಕಳದು ಒಂದೇ ಹಠ: ‘ಇನ್ನೊಂದ್ಸಲ ಸಾಯಿಸಿ ಅಮ್ಮ!’ ಕೊನೆಗೆ ಹೆಡ್‌ಮಾಸ್ಟರ್ ಹೊಲಿಗೆಯನ್ನು ಎಳೆದೆಳೆದು ನೋಡಿ, ‘ಇಷ್ಟು ಸಲ ಸತ್ತು ಹುಟ್ಟಿದರೂ ಒಂದು ದಾರ ಬಿಟ್ಟಿಲ್ಲ. ನಮ್ಮ ಹುಡುಗರ ಚಡ್ಡಿಗೆ ಇವರೇ ಸರಿ’ ಅಂದರು.

ಈಗ ತರೀಕೆರೆಯಲ್ಲಿ ನನ್ನ ಸ್ವಂತ ಅಂಗಡಿ ಇದೆ, ನಾಲ್ಕು ಮೆಷಿನ್, ಒಂದು ಗೋಡೆ ತುಂಬ ಪುಸ್ತಕ. ಅದಕ್ಕೆ ತೆತ್ತದ್ದು ಯಜಮಾನರ ಬಲಭುಜ. ಅವತ್ತು ಪಂಪ್ ಒತ್ತಿ ಒತ್ತಿ ಕೈ ಎತ್ತಲಾರದೆ ಒಂದು ವಾರ ನನ್ನ ಕೈತುತ್ತು ತಿಂದರು. ಜೊತೆಗೆ ನನ್ನ ಧಾರೆ ಸೀರೆ. ಚಿತ್ರದಲ್ಲಿದ್ದ ಕಡುಗೆಂಪು ನಮ್ಮ ಮನೆಯಲ್ಲಿ ಬೇರೆ ಯಾವ ಬಟ್ಟೆಗೂ ಇರಲಿಲ್ಲ. ಅದನ್ನೇ ಕತ್ತರಿಸಿ ಚೆಂಡಿಗೆ ಹೊಲಿದೆ ಅಂತ ತುತ್ತು ಕೊಡುತ್ತಾ ಅವರಿಗೆ ಹೇಳಿದೆ.

‘ಇರಲಿ ಬಿಡೇ,’ ಅಂದರು ಅವರು, ‘ಆ ಸೀರೆಯೊಳಗೆ ಮೊದಲಿಂದಲೂ ಮುಳ್ಳೇ ತಾನೆ ಇದ್ದದ್ದು.’